ಎಡಗಡೆಯ ಪಕ್ಕೆಲುಬು

ಮೆಣಸಿನಕಾಯಿ ಮಾರ್ಕೆಟ್ಟಿನ ದಿನ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಕೆಮ್ಮದವರು ಯಾರೂ ಇರುವುದಿಲ್ಲ. ಗಾಳಿಯಲ್ಲೇ ಘಾಟು ಇರುತ್ತದೆ. ದಿನವಿಡೀ ಕೂತು ಕಾಯಿಯ ತೊಟ್ಟು ಬಿಡಿಸಿ ಮನೆಗೆ ಹೊರಟ ಹೆಂಗಸರ ಸೀರೆಯಲ್ಲಿ, ತಲೆಗೂದಲಿನಲ್ಲಿ, ಬುತ್ತಿಯ ಚೀಲದಲ್ಲಿ ಅದರ ಪುಡಿ ಕೂತಿರುತ್ತದೆ. ಅವರು ಬಸ್ಸು ಹತ್ತಿದರೆ ಅದೂ ಹತ್ತುತ್ತದೆ. ಕಂಡಕ್ಟರ್ ದ್ರಾಕ್ಷಾಯಿಣಿಗೆ ಇದು ಹೊಸದಲ್ಲ. ರಾಣೆಬೆನ್ನೂರಿನಿಂದ ಮೋಟೆಬೆನ್ನೂರು, ಬ್ಯಾಡಗಿ ಹಾದು ಹಾವೇರಿಗೆ ಹೋಗುವ ಬಸ್ಸಿನಲ್ಲಿ ಅವಳು ಬಹಳ ವರ್ಷ ಕೆಲಸ ಮಾಡಿದವಳು.

ಫೆಬ್ರವರಿಯ ಆ ಮಧ್ಯಾಹ್ನ ಬಸ್ಸು ಕಿಕ್ಕಿರಿದಿತ್ತು. ಬಲಗೈಯಲ್ಲಿ ಮೇಲಿನ ಸರಳು, ಎಡಗೈಯಲ್ಲಿ ಟಿಕೆಟ್ ಯಂತ್ರ ಹಿಡಿದು ಅವಳು ಜನರ ನಡುವೆ ಹಾದಿ ಮಾಡಿಕೊಳ್ಳುತ್ತಿದ್ದಾಗ ಕೆಮ್ಮು ಬಂತು. ಮೊದಲು ಸಣ್ಣದು, ಆಮೇಲೆ ತಡೆಯಲಾಗದ್ದು. ಆ ಕೆಮ್ಮಿನ ನಡುವೆ ಎಡ ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಹೊರಗಿನವರಿಗೆ ಕೇಳುವಂಥ ಸದ್ದಲ್ಲ, ಅವಳಿಗೆ ಮಾತ್ರ ಕೇಳಿತು. ಉಸಿರು ಅರ್ಧಕ್ಕೇ ನಿಂತಿತು. ಪೂರ್ತಿ ಎಳೆದುಕೊಳ್ಳಲು ಹೋದರೆ ಚೂರಿ ಆಡಿಸಿದಂತಾಯಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಘಾಟು ಹತ್ತಿತೇನವ್ವಾ ಎಂದು ನೀರಿನ ಬಾಟಲಿ ಕೊಟ್ಟಳು. ದ್ರಾಕ್ಷಾಯಿಣಿ ಕುಡಿದು, ತಲೆಯಾಡಿಸಿ, ಮುಂದಿನ ಸೀಟಿನವರ ಟಿಕೆಟ್ ಹರಿದುಕೊಟ್ಟಳು.

ನೋವು ಅವಳಿಗೆ ಪರಿಚಯವಿಲ್ಲದ್ದೇನೂ ಅಲ್ಲ. ಎರಡು ವರ್ಷದ ಹಿಂದೆ ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಎದೆ ತೆಗೆದರು, ಕಿಮೋ ಕೊಟ್ಟರು, ಕೊನೆಗೆ ಊರ ಮಂದಿ ಕರೆಂಟು ಕೊಡುವುದು ಎನ್ನುವ ರೇಡಿಯೇಷನ್ನೂ ಆಯಿತು. ಆ ದಿನಗಳಲ್ಲಿ ಪಕ್ಕೆಯ ಮೇಲಿನ ಚರ್ಮ ಕಪ್ಪಾಗಿ ಸುಲಿದಿತ್ತು. ಗಾಯದ ಕೆಳಗೆ ಒಮ್ಮೆ ಜೋಮು ಹಿಡಿದಂತೆ, ಒಮ್ಮೆ ಇರುವೆ ಹರಿದಂತೆ, ಒಮ್ಮೆ ಕಾರಣವೇ ಇಲ್ಲದೆ ಸೂಜಿ ಚುಚ್ಚಿದಂತೆ ಆಗುತ್ತಿತ್ತು. ಆಪರೇಷನ್ನಿನಲ್ಲಿ ನರ ಕತ್ತರಿಸಿರುತ್ತದೆ, ಹೀಗಾಗುವುದುಂಟು ಎಂದು ಡಾಕ್ಟರಮ್ಮ ಹೇಳಿದ್ದರು. ಅದರೊಂದಿಗೆ ಬದುಕಲು ದ್ರಾಕ್ಷಾಯಿಣಿ ಕಲಿತಿದ್ದಳು. ಸಡಿಲ ಕುಪ್ಪಸ ಹೊಲಿಸಿಕೊಂಡಳು. ಯಂತ್ರದ ಪಟ್ಟಿ ಎಡ ಹೆಗಲಿಂದ ಬಲ ಹೆಗಲಿಗೆ ಬಂತು. ಕೆಲಸಕ್ಕೆ ಮರಳಿದಾಗ ಡಿಪೋದವರು ನಿಲ್ದಾಣದ ಕೋಣೆಯಲ್ಲಿ ಕೂತು ಮಾಡುವ ಹಗುರ ಕೆಲಸ ಕೊಟ್ಟಿದ್ದರು. ಅಲ್ಲಿ ಕೂತರೆ ಮೈಯೊಳಗಿನ ಒಂದೊಂದು ಚಿಟುಕೂ ಕಿವಿಗೆ ಕೇಳುತ್ತಿತ್ತು. ಬಸ್ಸಿನಲ್ಲಿ ಅಷ್ಟು ಪುರುಸೊತ್ತಿರುವುದಿಲ್ಲ. ಅವಳೇ ಕೇಳಿಕೊಂಡು ಹಳೆಯ ರೂಟಿಗೆ ಬಂದಿದ್ದಳು.

ಈಗಿನ ನೋವು ಬೇರೆ. ಒಂದು ಬೆರಳಿಟ್ಟು ತೋರಿಸಬಹುದಾದಷ್ಟು ಜಾಗ, ಅದೂ ಎಲುಬಿನ ಮೇಲೆಯೇ. ಎಲುಬು ಎಂದಕೂಡಲೆ ಅವಳಿಗೆ ಭುವನಾ ನೆನಪಾದಳು.

ಭುವನಾ ಅಗಡಿಯವಳು. ರೇಡಿಯೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಬ್ಬರಿಗೂ ಗೆಳೆತನವಾಗಿತ್ತು. ನಗಿಸುವ ಹೆಂಗಸು. ಬೋಳುತಲೆಯ ಮೇಲೆ ಸೆರಗು ಹೊದ್ದು, ನಮ್ಮ ಮನಿಯವರಿಗೂ ತಲ್ಯಾಗ ಕೂದಲಿಲ್ಲ, ಈಗ ಜೋಡಿ ಸರಿಯಾತು ಎನ್ನುತ್ತಿದ್ದಳು. ಚಿಕಿತ್ಸೆ ಮುಗಿದ ಮೇಲೂ ಫೋನಿನಲ್ಲಿ ಮಾತಿತ್ತು. ಒಂದು ದಿನ ಹೊಲದಲ್ಲಿ ಬಗ್ಗಿ ಬಗ್ಗಿ ಬೆನ್ನು ಹಿಡಿದಿದೆ ಅಂದಳು. ದೀಪಾವಳಿಯ ಹೊತ್ತಿಗೆ ಕ್ಯಾನ್ಸರ್ ಎಲುಬಿಗೆ ಇಳಿದಿದೆ ಎಂದು ಗೊತ್ತಾಯಿತು. ಸಂಕ್ರಾಂತಿ ಕಳೆದ ಮೇಲೆ ಭುವನಾ ಉಳಿಯಲಿಲ್ಲ. ದ್ರಾಕ್ಷಾಯಿಣಿ ಅಗಡಿಗೆ ಹೋಗಿ ಮಣ್ಣು ಮಾಡುವಾಗ ನಿಂತು ಬಂದಿದ್ದಳು. ಅದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ.

ಹಾವೇರಿ ನಿಲ್ದಾಣದಲ್ಲಿ ಬಸ್ಸು ಖಾಲಿಯಾದಾಗ ಅವಳು ಕಿಟಕಿಯ ಪಕ್ಕ ನಿಂತು ಆ ಜಾಗವನ್ನು ಬೆರಳಿನಿಂದ ಮುಟ್ಟಿದಳು. ನನಗೂ ಬಂತು ಅಂದುಕೊಂಡಳು. ಆಸ್ಪತ್ರೆಗೆ ಹೋದರೆ ಅವರು ಅದನ್ನೇ ಬಾಯಿಬಿಟ್ಟು ಹೇಳುತ್ತಾರೆ. ಮತ್ತೆ ಆ ಬೆಂಚು, ಆ ಸೂಜಿ, ಮನೆಯವರ ಆ ಮುಖ. ಹೇಳಿಸಿಕೊಂಡು ಆಗಬೇಕಾದ್ದೇನು? ಇರುವಷ್ಟು ದಿನದಲ್ಲಿ ಮಾಡಬೇಕಾದ ಕೆಲಸ ಮಾಡಿಬಿಡಬೇಕು. ಇಷ್ಟನ್ನು ಅವಳು ನಿಂತ ಕಾಲಲ್ಲೇ ನಿರ್ಧರಿಸಿಬಿಟ್ಟಳು. ಮರಳಿ ಹೊರಡುವ ಹೊತ್ತಾಗಿತ್ತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಲಗಲಂತೂ ಆಗುತ್ತಲೇ ಇರಲಿಲ್ಲ. ಎಡಕ್ಕೆ ಹೊರಳಿದರೆ ಚುಚ್ಚು, ಬಲಕ್ಕೆ ಹೊರಳಿದರೆ ಎಳೆತ, ಅಂಗಾತ ಬಿದ್ದರೆ ಏಳುವುದೇ ಒಂದು ದೊಡ್ಡ ಕೆಲಸ. ಹಳೆಯ ನೂಲಿನ ಸೀರೆಯೊಂದನ್ನು ಉದ್ದಕ್ಕೆ ಹರಿದು, ಸ್ನಾನದ ಕೋಣೆಯಲ್ಲಿ ಪಕ್ಕೆಯ ಸುತ್ತ ಬಿಗಿಯಾಗಿ ಸುತ್ತಿಕೊಂಡು ಮೇಲೆ ಕುಪ್ಪಸ ತೊಡಲು ಶುರುಮಾಡಿದಳು. ಬಿಗಿ ಇದ್ದಷ್ಟು ಹೊತ್ತು ನೋವು ಹಿಡಿತದಲ್ಲಿ ಇರುತ್ತಿತ್ತು. ಉಸಿರನ್ನು ಮೇಲೆ ಮೇಲೆ ಎಳೆದುಕೊಂಡರೆ ಸಾಕಾಗುತ್ತಿತ್ತು. ಕೆಮ್ಮು ಬಂದರೆ ನುಂಗುತ್ತಿದ್ದಳು.

ಗಂಡ ಮಾಲತೇಶ ರಾಣೆಬೆನ್ನೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಮಾತು ಕಡಿಮೆ, ಕೆಲಸದ ಮನುಷ್ಯ. ಹೆಂಡತಿಯ ಕಾಯಿಲೆಯ ಕಾಲದಲ್ಲಿ ಅಂಗಡಿ ಮುಚ್ಚಿ ಅವಳ ಹಿಂದೆಯೇ ಅಲೆದವನು. ಅವನ ತಾಯಿ ಗುತ್ತೆವ್ವ ದೇವರಗುಡ್ಡದಲ್ಲಿ ಹುಟ್ಟಿ ಬೆಳೆದ ಗಟ್ಟಿ ಜೀವ, ಆದರೆ ಎರಡೂ ಕಣ್ಣಿಗೆ ಪೊರೆ ಬಂದು ಗೋಡೆ ಹಿಡಿದು ಓಡಾಡುತ್ತಿದ್ದಳು. ಒಬ್ಬಳೇ ಮಗಳು ಐಶ್ವರ್ಯ ಹನುಮನಮಟ್ಟಿಯಲ್ಲಿ ಕೃಷಿ ಪದವಿ ಓದುತ್ತಿದ್ದಳು. ಈ ಮೂವರನ್ನು ಯಾರ ಕೈಗೆ ಬಿಟ್ಟು ಹೋಗುವುದು ಎಂಬುದೇ ದ್ರಾಕ್ಷಾಯಿಣಿಯ ತಲೆ ತಿನ್ನತೊಡಗಿತು.

ಮೊದಲು ಅತ್ತೆಯ ಕಣ್ಣು. ಬೇಸಿಗೆ ಕಳೆಯಲಿ ಎಂದು ಮುಂದಕ್ಕೆ ಹಾಕುತ್ತ ಬಂದಿದ್ದ ಪೊರೆಯ ಆಪರೇಷನ್ನನ್ನು ಅದೇ ವಾರ ಹಾವೇರಿಯಲ್ಲಿ ಮಾಡಿಸಿದಳು. ಆಮೇಲೆ ಗಂಡನಿಗೆ ರೊಟ್ಟಿ ಬಡಿಯಲು ಕಲಿಸಹೊರಟಳು. ಯಾಕ ಈಗ ಎಂದು ಅವನು ಕೇಳಿದರೆ ಗಂಡಸರೂ ಕಲಿಯಬೇಕು ಎಂದು ಸಿಡುಕಿದಳು. ಅವನ ರೊಟ್ಟಿ ಹಂಚಿನ ಮೇಲೆ ಹರಿದುಹೋದಾಗ ಅವಳು ಅಲ್ಲಿಂದ ಎದ್ದು ಹಿತ್ತಲಿಗೆ ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಮಾಳಿಗೆಯ ಸೋರಿಕೆಗೆ ಗಾರೆಯವರು ಬಂದರು. ಕಪಾಟು ಖಾಲಿಯಾಗಿ ಮತ್ತೆ ತುಂಬಿತು. ತನ್ನ ಒಳ್ಳೆಯ ಸೀರೆಗಳನ್ನು ಮಗಳಿಗೆಂದು ಬೇರೆ ಕಟ್ಟಿಟ್ಟಳು. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದು ಎಳೆಯುತ್ತಿತ್ತು.

ಬಸ್ಸಿನಲ್ಲಿ ಅವಳು ಸೀಟಿ ಊದುವುದನ್ನು ಬಿಟ್ಟಿದ್ದಳು. ಊದಲು ಎದೆ ತುಂಬ ಗಾಳಿ ಬೇಕು. ಅದರ ಬದಲು ಬಲಗೈಯಿಂದ ಬಸ್ಸಿನ ತಗಡು ಬಡಿಯುತ್ತಿದ್ದಳು. ಡ್ರೈವರ್ ಮಹಮ್ಮದಗೌಸ ಕೆಲವು ದಿನ ಸುಮ್ಮನೆ ನೋಡಿದ. ಅವನು ಅವಳಿಗಿಂತ ಹಿರಿಯ, ಇನ್ನೇನು ನಿವೃತ್ತಿಗೆ ಬಂದವನು. ಮೋಟೆಬೆನ್ನೂರು ಕ್ರಾಸಿನಲ್ಲಿ ಚಹಾಕ್ಕೆ ಇಳಿದಾಗ ಒಂದು ದಿನ ಕೇಳಿಯೇಬಿಟ್ಟ.

“ಅಕ್ಕಾರ, ಸೀಟಿ ಯಾಕ ಊದವಲ್ರಿ?”

“ಗಂಟಲ ಕಟ್ಟೇತಿ ಗೌಸಣ್ಣ.”

“ಗಂಟಲ ಕಟ್ಟಿದ್ರ ಮಾತು ಬರೂದಿಲ್ಲ. ಸೀಟಿ ಬರತೈತಿ.”

ಅವಳು ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿನ ಕಡೆ ಹೊರಟಳು. ಅವನೂ ಮತ್ತೆ ಕೇಳಲಿಲ್ಲ. ಆದರೆ ಆ ದಿನದಿಂದ ರಸ್ತೆಯ ಉಬ್ಬು ಬಂದಲ್ಲೆಲ್ಲ ಬಸ್ಸು ತೆವಳುತ್ತ ದಾಟುವುದನ್ನು ಅವಳು ಗಮನಿಸಿದಳು. ಅದು ಅವಳಿಗೆ ಸಮಾಧಾನ ಕೊಡಲಿಲ್ಲ. ಒಬ್ಬನಿಗೆ ಗೊತ್ತಾದರೆ ಇನ್ನೊಬ್ಬರಿಗೆ ಗೊತ್ತಾಗಲು ಎಷ್ಟು ಹೊತ್ತು ಎಂಬ ಗಾಬರಿಯೇ ಹೆಚ್ಚಾಯಿತು.

ಉಳಿದದ್ದು ಮಗಳ ಮದುವೆ. ಐಶ್ವರ್ಯಳ ಓದು ಮುಗಿಯುವವರೆಗೆ ಆ ಮಾತೇ ಬೇಡ ಎಂದು ಹಿಂದೆ ಹಟ ಹಿಡಿದವಳು ದ್ರಾಕ್ಷಾಯಿಣಿಯೇ. ಈಗ ಅವಳೇ ದಿನಕ್ಕೊಂದು ಸಂಬಂಧದ ಸುದ್ದಿ ತರಹತ್ತಿದಳು. ಕೊನೆಗೆ ಮೋಟೆಬೆನ್ನೂರಿನ ಒಂದು ಮನೆತನ ಹಿಡಿಸಿತು. ಹುಡುಗ ದುರ್ಗೇಶ, ಬ್ಯಾಡಗಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಒಳ್ಳೆಯ ಮಂದಿ. ಯುಗಾದಿ ಕಳೆದ ಮೇಲೆ ಮೊದಲ ಮುಹೂರ್ತಕ್ಕೇ ಆಗಬೇಕೆಂದು ಅವಳು ಮಧ್ಯಸ್ಥರಿಗೆ ಹೇಳಿಬಿಟ್ಟಳು.

ಮಗಳು ಅತ್ತಳು, ಜಗಳಾಡಿದಳು, ಊಟ ಬಿಟ್ಟಳು. ಮಾಲತೇಶ ಮಗಳ ಪರ ಎರಡು ಮಾತು ಆಡಿ ನೋಡಿದ. ಹೆಂಡತಿಯ ಕಣ್ಣಲ್ಲಿ ಏನು ಕಂಡನೋ, ಸುಮ್ಮನಾದ. ಇನ್ನೊಂದು ವಿಷಯ ಅವನನ್ನು ಕೊರೆಯುತ್ತಿತ್ತು. ಅವಳ ಕಾಯಿಲೆಯ ಸುದ್ದಿಯನ್ನು ಬೀಗರಾಗುವವರಿಗೆ ಹೇಳಿರಲಿಲ್ಲ. ಹೇಳಿಬಿಡೋಣ ಎಂದು ಅವನು ಅಂದಾಗ, ಮೊದಲು ಬಂದು ನೋಡಲಿ, ಆಮೇಲೆ ಹೇಳಿದರಾಯಿತು ಎಂದು ಅವಳು ತಳ್ಳಿಹಾಕಿದಳು. ಕಡೆಗೆ ಐಶ್ವರ್ಯ, ನೋಡಲು ಬರುವುದಾದರೆ ಬರಲಿ, ಆದರೆ ನಾನು ಹೂಂ ಅಂದಿಲ್ಲ ಎಂದಳು. ತಾಯಿಗೆ ಅಷ್ಟೇ ಸಾಕಾಯಿತು.

ಬಂದದ್ದು ಭಾನುವಾರ. ಹುಡುಗ, ಅವನ ತಂದೆ ತಾಯಿ, ಒಬ್ಬ ಸೋದರತ್ತೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದ್ದರು. ಅಡಿಗೆಮನೆಯಲ್ಲಿ ದ್ರಾಕ್ಷಾಯಿಣಿ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಳು. ಕಟ್ಟಿದ ಬಟ್ಟೆ ಬೆಳಗಿನಿಂದ ಬಿಗಿದು ಕಣ್ಣಿಗೆ ಕತ್ತಲೆ ಬರುತ್ತಿತ್ತು, ಮೈ ಸ್ವಲ್ಪ ಬಿಸಿಯೂ ಇತ್ತು. ಎಣ್ಣೆ ಕಾದದ್ದು ಹೆಚ್ಚಾಯಿತು. ಒಣಮೆಣಸಿನಕಾಯಿ ಬಿದ್ದದ್ದೇ ಕರಿಹೊಗೆ ಎದ್ದಿತು. ಪಡಸಾಲೆಯಲ್ಲಿದ್ದವರೂ ಕೆಮ್ಮಿದರು, ನಕ್ಕರು. ಅವಳು ಕೆಮ್ಮನ್ನು ನುಂಗಿದಳು. ಮತ್ತೆ ಬಂತು. ಮತ್ತೆ ನುಂಗಿದಳು. ಮೂರನೆಯ ಸಲ ಅದು ಅವಳ ಮಾತು ಕೇಳಲಿಲ್ಲ. ಒಲೆಯ ಕಟ್ಟೆ ಹಿಡಿದವಳು ಹಾಗೇ ಕೆಳಗೆ ಕುಸಿದು ಕೂತಳು. ಸೌಟು ನೆಲಕ್ಕೆ ಬಿದ್ದು ಸದ್ದಾಯಿತು.

ಮೊದಲು ಬಂದವಳು ಗುತ್ತೆವ್ವ. ಕರಿ ಕನ್ನಡಕ ಹಾಕಿಕೊಂಡಿದ್ದಳು, ಆದರೆ ಈಗ ಅವಳಿಗೆ ಕಾಣುತ್ತಿತ್ತು. ಒಲೆ ಆರಿಸಿ, ಬಾಗಿಲು ಮುಂದೆ ಮಾಡಿ, ಸೊಸೆಯ ಎದುರು ಕೂತಳು. ದ್ರಾಕ್ಷಾಯಿಣಿಯ ಕೈ ಎಡ ಪಕ್ಕೆಯನ್ನು ಬಿಟ್ಟಿರಲಿಲ್ಲ. ಮುದುಕಿ ಆ ಕೈಯನ್ನು ಮೆಲ್ಲಗೆ ಸರಿಸಿ ಸೆರಗಿನ ಕೆಳಗೆ ತಡವಿದಳು. ಬಟ್ಟೆಯ ಗಂಟು ಸಿಕ್ಕಿತು.

“ಇದನ್ಯಾಕ ಕಟ್ಟೀದಿ?”

“ಅತ್ತಿ, ಹೊರಗ ಮಂದಿ ಕುಂತಾರ. ಆಮ್ಯಾಲೆ ಹೇಳ್ತೀನಿ.”

“ಮಂದಿ ಕುಂದರ್ಲಿ. ಕಣ್ಣ ಬಂದಾಗಿಂದ ನೋಡಾಕತ್ತೇನಿ, ನೀ ಒಂದ ಕಡೆ ವಾಲಿ ನಡೀತಿ. ಹೇಳು.”

ದ್ರಾಕ್ಷಾಯಿಣಿ ಸ್ವಲ್ಪ ಹೊತ್ತು ಉಸಿರನ್ನು ಹುಡುಕಿದಳು. “ಎಲುಬಿಗೆ ಇಳದೈತಿ ಅತ್ತಿ. ಭುವನಾಗ ಆದಂಗ.”

“ಯಾವ ಡಾಕ್ಟರ್ ಹೇಳಿದ?”

“ಯಾರೂ ಹೇಳಿಲ್ಲ. ನನಗ ಗೊತ್ತೈತಿ.”

ಬಾಗಿಲ ಸಂದಿಯಲ್ಲಿ ಐಶ್ವರ್ಯ ನಿಂತಿದ್ದಳು. ಹಸಿರು ಸೀರೆ ಉಡಿಸಿ ಹೂ ಮುಡಿಸಿದ್ದರು. ಅವಳು ಒಳಗೆ ಬರಲಿಲ್ಲ, ಅಳಲೂ ಇಲ್ಲ. ತಿರುಗಿ ನೇರ ಪಡಸಾಲೆಗೆ ಹೋದಳು. ಅವಳ ಮಾತು ಒಳಗೆ ಸ್ಪಷ್ಟವಾಗಿ ಕೇಳಿತು.

“ನಮ್ಮವ್ವಗ ಆರಾಮಿಲ್ರಿ. ಆಕಿಗೆ ಮೊದಲ ಕ್ಯಾನ್ಸರ್ ಆಗಿತ್ತು. ನಿಮಗ ಹೇಳಿರಲಿಲ್ಲ, ತಪ್ಪಾತು. ಈಗ ಮತ್ತ ನೋವಾಗೇತಿ, ದವಾಖಾನಿಗೆ ಹೋಗಬೇಕು.”

ಹುಡುಗನ ತಾಯಿ ಎದ್ದು ಅಡಿಗೆಮನೆಗೆ ಬಂದಳು. ದ್ರಾಕ್ಷಾಯಿಣಿಯ ಬೆನ್ನಿನ ಹಿಂದೆ ತನ್ನ ಕೈಯಿಟ್ಟು ಗೋಡೆಗೆ ಆನಿಸಿ ಕೂರಿಸಿದಳು, ನೀರು ಕುಡಿಸಿದಳು. ಹೊರಡುವಾಗ ಹುಡುಗನ ತಂದೆ ಹೊಸ್ತಿಲಲ್ಲಿ ನಿಂತು, ಇದು ತಾಯಿಯಿಂದ ಮಗಳಿಗೆ ಬರುವಂಥದ್ದೇನು ಎಂದು ಮಾಲತೇಶನನ್ನು ಕೇಳಿದರು. ಕೆಟ್ಟ ದನಿಯಲ್ಲಿ ಕೇಳಿದ್ದಲ್ಲ. ಮಾಲತೇಶ ಮಗಳ ಕಡೆ ನೋಡಿದ. ಐಶ್ವರ್ಯ, ಗೊತ್ತಿಲ್ಲ, ಕೇಳಿಕೊಂಡು ಹೇಳುತ್ತೇನೆ ಎಂದಳು. ಅವರು ಹೋದರು. ಉಪ್ಪಿಟ್ಟು ಆಗಲೇ ಇಲ್ಲ.

ಮರುದಿನ ಬೆಳಿಗ್ಗೆ ಗಂಡ, ಹೆಂಡತಿ, ಮಗಳು ಮೂವರೂ ಹುಬ್ಬಳ್ಳಿಗೆ ಹೊರಟರು. ಪ್ರಯಾಣಿಕಳಾಗಿ ಸೀಟಿನಲ್ಲಿ ಕೂರುವುದು ದ್ರಾಕ್ಷಾಯಿಣಿಗೆ ಹಿಂಸೆ. ನಿಲ್ದಾಣ ಬಂದಾಗಲೆಲ್ಲ ಏಳಲು ಹೋಗುತ್ತಿದ್ದಳು. ದಾರಿಯಲ್ಲಿ ಮಾಲತೇಶ, “ರೊಟ್ಟಿ ಬಡಿಯೂದು ಇದಕ್ಕ ಕಲಿಸ್ತಿದ್ದೇನು?” ಎಂದ. ಅವಳು ಕಿಟಕಿಯ ಹೊರಗೆ ನೋಡಿದಳು. ಅವನು ತನ್ನ ಹೆಗಲ ಮೇಲಿನ ಟವೆಲ್ಲನ್ನು ಮಡಚಿ ಅವಳ ಪಕ್ಕೆ ಮತ್ತು ಸೀಟಿನ ನಡುವೆ ಇಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಆ ಬಟ್ಟೆಯನ್ನು ಬಿಚ್ಚಿಸಿದ್ದು. ಪಕ್ಕೆಯ ಮೇಲೆ ಅದರ ಅಂಚಿನ ಗುರುತು ಕೆಂಪಗೆ ಮೂಡಿತ್ತು. ಬೆರಳಿನಿಂದ ಒಂದೊಂದೇ ಎಲುಬು ಮುಟ್ಟುತ್ತ ಬಂದರು. ಆ ಜಾಗಕ್ಕೆ ಬಂದಾಗ ದ್ರಾಕ್ಷಾಯಿಣಿ ಮಂಚದ ಅಂಚನ್ನು ಹಿಡಿದುಕೊಂಡಳು. ಎಕ್ಸ್‌ರೇ ಆಯಿತು. ಆಮೇಲೆ ಇಡೀ ಮೈಯ ಎಲುಬಿನ ಸ್ಕ್ಯಾನ್. ಕೈಗೆ ಸೂಜಿ ಹಾಕಿ, ಔಷಧ ಎಲುಬಿಗೆ ಹೋಗಿ ಸೇರುವವರೆಗೆ ನೀರು ಕುಡಿಯುತ್ತ ಕಾಯಬೇಕು ಎಂದರು.

ಕಾಯುವುದು ಅವಳಿಂದಾಗಲಿಲ್ಲ. ಬೆಂಚಿನ ಮೇಲೆ ಕೂತಳು, ಎದ್ದಳು. ಓಣಿಯ ಆ ತುದಿಗೆ ಹೋಗಿ ಬಂದಳು. ಭುವನಾ ಕೂರುತ್ತಿದ್ದ ಜಾಗದಲ್ಲಿ ಯಾರೋ ಹೊಸ ಹೆಂಗಸು ಕೂತಿದ್ದಳು, ತಲೆಗೆ ಸೆರಗು ಹೊದ್ದು. ದ್ರಾಕ್ಷಾಯಿಣಿ ಅಲ್ಲಿಂದ ದೂರ ಸರಿದು ಕಿಟಕಿಯ ಹತ್ತಿರ ನಿಂತಳು. ಕೆಳಗೆ ಆಸ್ಪತ್ರೆಯ ಅಂಗಳದಲ್ಲಿ ಆಟೋಗಳು ಬಂದು ಹೋಗುತ್ತಿದ್ದವು. ಮುಂದಿನ ವರ್ಷದ ಯುಗಾದಿಯಲ್ಲಿ ತಾನಿರುವುದಿಲ್ಲ ಎಂದು ಯೋಚಿಸಲು ಹೋದಳು, ಅದು ಪೂರ್ತಿಯಾಗಲಿಲ್ಲ. ಮನೆಯ ಮೇಲಿನ ನೀರಿನ ಟ್ಯಾಂಕು ತುಂಬಿಸಿದೆನೋ ಇಲ್ಲವೋ ಎಂಬ ಯೋಚನೆ ನಡುವೆ ಬಂತು. ಹೋಗಿ ಗಂಡನನ್ನು ಕೇಳಿದಳು. ತುಂಬಿಸಿದ್ದೇನೆ ಎಂದ. ಮತ್ತೆ ಓಣಿಯ ಆ ತುದಿಗೆ ಹೋದಳು.

ಸಂಜೆಯ ಹೊತ್ತಿಗೆ ಕರೆ ಬಂತು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು, ಸುತ್ತಿಬಳಸದೆ ಹೇಳಿದರು.

“ಪಕ್ಕೆಲುಬು ಸೀಳೇತಿ. ಒಂದಲ್ಲ, ಎರಡು. ಬ್ಯಾರೆ ಎಲ್ಲೂ ಏನೂ ಇಲ್ಲ. ಕ್ಯಾನ್ಸರ್ ಎಲುಬಿಗೆ ಹೋಗಿಲ್ರಿ.”

ಕೆಮ್ಮಿಗೆ ಎಲುಬು ಮುರಿಯುತ್ತದೆಯೇ ಎಂದು ಮಾಲತೇಶ ಕೇಳಿದ. ಅವರು ಬಿಡಿಸಿ ಹೇಳಿದರು. ರೇಡಿಯೇಷನ್ ಬಿದ್ದ ಜಾಗದ ಎಲುಬು ಬಲ ಕಳೆದುಕೊಂಡಿರುತ್ತದೆ. ಕ್ಯಾನ್ಸರ್ ಮರಳದಿರಲಿ ಎಂದು ದಿನಾ ನುಂಗುವ ಗುಳಿಗೆಯೂ ಎಲುಬನ್ನು ತೆಳುವಾಗಿಸುತ್ತದೆ. ಅಂಥ ಎಲುಬಿಗೆ ಒಂದು ಜೋರು ಕೆಮ್ಮು ಸಾಕು. ಒಂದು ಹಳೆಯ ಸೀಳು ಆಗಲೇ ಕೂಡಿಕೊಳ್ಳುತ್ತಿತ್ತು, ಇನ್ನೊಂದು ಹೊಸದು, ಬಹುಶಃ ನಿನ್ನೆಯದೇ. ಬಿಗಿಯಾಗಿ ಕಟ್ಟಿಕೊಂಡು ಅರೆ ಉಸಿರಿನಲ್ಲೇ ಇದ್ದದ್ದರಿಂದ ಶ್ವಾಸಕೋಶದ ಕೆಳಭಾಗದಲ್ಲಿ ಕಫ ನಿಂತು ಸಣ್ಣ ಜ್ವರ ಬಂದಿತ್ತು. ಪಟ್ಟಿ ಕಟ್ಟಲೇಬಾರದು ಎಂದರು. ಕೆಮ್ಮು ಬಂದರೆ ದಿಂಬನ್ನು ಪಕ್ಕೆಗೆ ಒತ್ತಿ ತಬ್ಬಿಕೊಂಡು ಕೆಮ್ಮಬೇಕು, ನುಂಗಬಾರದು. ಗಂಟೆಗೊಮ್ಮೆ ನಿಧಾನಕ್ಕೆ ಪೂರ್ತಿ ಉಸಿರು ಎಳೆಯಬೇಕು. ನೋವಿನ ಗುಳಿಗೆಯನ್ನು ನೋವು ತಡೆಯಲಾರದಷ್ಟು ಆಗುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಎಲುಬಿಗೆ ಬೇರೆ ಔಷಧ ಬರೆದರು. ಐಶ್ವರ್ಯ ತನ್ನ ವಿಷಯ ಕೇಳಿದಾಗ, ಕೆಲವು ಮನೆತನಗಳಲ್ಲಿ ಬರುತ್ತದೆ, ನಿಮ್ಮಲ್ಲಿ ಬೇರೆ ಯಾರಿಗೂ ಆಗಿಲ್ಲ, ಆದರೂ ಪರೀಕ್ಷೆ ಬೇಕೆನಿಸಿದರೆ ಮಾಡಿಸೋಣ, ಹೆದರಿಕೊಂಡು ಕೂರಬೇಡ ಎಂದರು.

ಏಳುವ ಮೊದಲು ದ್ರಾಕ್ಷಾಯಿಣಿ ಒಂದೇ ಪ್ರಶ್ನೆ ಕೇಳಿದಳು. “ಭುವನಾಂದು ಹಿಂಗ ಇರಲಿಲ್ಲೇನ್ರಿ ಶುರುವಿಗೆ?”

ಡಾಕ್ಟರಮ್ಮ ಫೈಲು ಮುಚ್ಚಿದರು. “ಆಕಿ ವಿಷಯ ನಾ ಹೇಳೂದಿಲ್ಲ. ನಿಮ್ಮದ ಹೇಳ್ತೀನಿ. ಯಾವ ನೋವಾದ್ರೂ ಎರಡ ವಾರ ದಾಟಿದ್ರ ಬಂದ ತೋರಸ್ರಿ. ಕ್ಯಾನ್ಸರ್ ಐತೋ ಇಲ್ಲೋ ನೀವ ಮನಿಯಾಗ ಕುಂತ ತೀರ್ಮಾನ ಮಾಡಬ್ಯಾಡ್ರಿ.”

ಹೊರಗೆ ಬಂದಾಗ ಮಾಲತೇಶ ಔಷಧದಂಗಡಿಯ ಸಾಲಿನಲ್ಲಿ ನಿಂತ. ಟವೆಲ್ಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಂಡ. ದ್ರಾಕ್ಷಾಯಿಣಿಗೆ ಮಾತ್ರ ಅಂದುಕೊಂಡಷ್ಟು ಹಗುರವಾಗಲಿಲ್ಲ. ಇಷ್ಟು ದಿನ ಕೂತಲ್ಲಿ ಕೂರದವಳು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಮಗಳು ಕೂತಳು, ಸ್ವಲ್ಪ ದೂರ ಬಿಟ್ಟು.

“ನನ್ನ ಲಗ್ನಾ ಮಾಡಿ ಸಾಯಬೇಕಂತಿದ್ದೇನು?” ಎಂದಳು ಐಶ್ವರ್ಯ.

“ಹೂಂ.”

“ಲಗ್ನದ್ದು ಬಿಡು, ನಾ ಹೆಂಗರ ಬ್ಯಾಡಂತಿದ್ದೆ. ನನಗ ಹೇಳದ ಸಾಯಾಕ ತಯಾರಾಗಿದ್ದೆಲ್ಲ, ಅದಕ್ಕ ಸಿಟ್ಟ ಬಂದೈತಿ.”

ದ್ರಾಕ್ಷಾಯಿಣಿ ಏನೋ ಹೇಳಹೋದಳು. ಕೆಮ್ಮು ಬಂತು. ಐಶ್ವರ್ಯ ತನ್ನ ಕಾಲೇಜಿನ ಚೀಲವನ್ನು ತಾಯಿಯ ಪಕ್ಕೆಗೆ ಒತ್ತಿ ಹಿಡಿದಳು. ತಾಯಿ ಅದನ್ನು ತಬ್ಬಿಕೊಂಡು ಕೆಮ್ಮಿದಳು. ನೋವಾಯಿತು, ಆದರೆ ಮೊದಲಿನಷ್ಟಲ್ಲ. ಕೆಮ್ಮು ನಿಂತ ಮೇಲೂ ಹುಡುಗಿ ಚೀಲ ಬಿಡಲಿಲ್ಲ. ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡೇ ಇದ್ದಳು.

ಮೋಟೆಬೆನ್ನೂರಿನವರು ಕೆಲವು ದಿನ ಬಿಟ್ಟು, ಸದ್ಯಕ್ಕೆ ಬೇಡ ಎಂದು ಹೇಳಿಕಳಿಸಿದರು. ಹುಡುಗನ ತಾಯಿ ತಾನೇ ಫೋನು ಮಾಡಿ ದ್ರಾಕ್ಷಾಯಿಣಿಯ ಆರೋಗ್ಯ ವಿಚಾರಿಸಿದಳು. ಐಶ್ವರ್ಯ ಪರೀಕ್ಷೆಗೆ ಓದುತ್ತಿದ್ದಳು. ಮದುವೆಯ ಮಾತು ಅಲ್ಲಿಗೇ ನಿಂತಿತು.

ರಜೆಯ ದಿನಗಳು ದ್ರಾಕ್ಷಾಯಿಣಿಗೆ ಕಾಯಿಲೆಗಿಂತ ಕಷ್ಟವಾದವು. ಗೋಡೆಗೆ ದಿಂಬುಗಳನ್ನು ಪೇರಿಸಿ ಅರ್ಧ ಕೂತಂತೆ ಮಲಗುವುದನ್ನು ಕಲಿತಳು. ಏಳುವಾಗ ಮೊದಲು ಬಲಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು ಎಂದು ಗೊತ್ತಾಯಿತು. ಉಸಿರಿನ ವ್ಯಾಯಾಮಕ್ಕೆ ಗುತ್ತೆವ್ವನ ಕಾವಲಿತ್ತು. ಮುದುಕಿ ಎದುರು ಕೂತು, ಎಳಿ, ಇನ್ನಷ್ಟ ಎಳಿ, ಕಳ್ಳತನ ಮಾಡಬ್ಯಾಡ ಎನ್ನುತ್ತಿದ್ದಳು. ಸಂಜೆ ಇಬ್ಬರೂ ಓಣಿಯ ಕೊನೆಯವರೆಗೆ ನಡೆಯುತ್ತಿದ್ದರು. ಕಣ್ಣು ಕಾಣತೊಡಗಿದ ಗುತ್ತೆವ್ವ ಎಲ್ಲರ ಮನೆಯ ಅಂಗಳವನ್ನೂ ನಿಂತು ನೋಡುವವಳು, ದ್ರಾಕ್ಷಾಯಿಣಿಗೆ ನಿಲ್ಲಲಾಗದು. ಮುಂದೆ ಹೋಗಿ ಮತ್ತೆ ಹಿಂದೆ ಬಂದು ಅತ್ತೆಯನ್ನು ಕರೆದೊಯ್ಯುತ್ತಿದ್ದಳು.

ನೋವು ಕಡಿಮೆಯಾಯಿತು, ಹೋಗಲಿಲ್ಲ. ಒಂದು ದಿನ ಮರೆತೇಹೋಗುತ್ತಿತ್ತು, ಮರುದಿನ ಸೀನಿದರೂ ನೆನಪಿಸುತ್ತಿತ್ತು. ಮರೆತ ದಿನವೇ ಸಂಜೆಯ ಹೊತ್ತಿಗೆ ಕೈ ತಾನಾಗಿ ಪಕ್ಕೆಗೆ ಹೋಗಿ ಹುಡುಕುತ್ತಿತ್ತು. ಇನ್ನೂ ಇದೆಯೋ, ಜಾಗ ಬದಲಿಸಿದೆಯೋ ಎಂದು. ಸ್ಕ್ಯಾನಿನಲ್ಲಿ ಕಾಣದ್ದು ಏನಾದರೂ ಇರಬಹುದೇ ಎಂದು ಒಮ್ಮೊಮ್ಮೆ ಅನಿಸುವುದೂ ಇತ್ತು. ಇದನ್ನು ಮುಂದಿನ ತಪಾಸಣೆಯಲ್ಲಿ ನಾಚಿಕೆ ಬಿಟ್ಟು ಡಾಕ್ಟರಮ್ಮನಿಗೆ ಹೇಳಿದಳು. ಅವರು ನಗಲಿಲ್ಲ. ಬಹಳ ಜನಕ್ಕೆ ಹೀಗಾಗುತ್ತದೆ, ಪಕ್ಕೆ ವರ್ಷಗಟ್ಟಲೆ ಆಗಾಗ ನೋಯಬಹುದು, ಹೆದರಿಕೆಯೂ ಅದರ ಜೊತೆಗೇ ಬಂದು ಹೋಗುತ್ತದೆ ಎಂದರು.

ಮೇ ತಿಂಗಳ ಹೊತ್ತಿಗೆ ಮಾರ್ಕೆಟ್ಟಿನ ಗದ್ದಲ ತಗ್ಗಿತು. ಅವಳು ಡ್ಯೂಟಿಗೆ ಹೋದಳು. ಮೂಗು ಬಾಯಿಗೆ ದಪ್ಪ ಬಟ್ಟೆಯ ಮಾಸ್ಕು, ಚೀಲದಲ್ಲಿ ಒಂದು ಪುಟ್ಟ ದಿಂಬು. ಡಿಪೋದ ಸಾಹೇಬರಿಗೆ ಎಲ್ಲವನ್ನೂ ಹೇಳಿ, ಮುಂದಿನ ಹಂಗಾಮಿನಲ್ಲಿ ಬ್ಯಾಡಗಿಯ ಮಾರ್ಕೆಟ್ ದಿನ ಬೇರೆ ರೂಟು ಕೊಡಿ ಎಂದು ಕೇಳಿಕೊಂಡಳು. ಅವರು ಒಪ್ಪಿದರು. ಗೌಸಣ್ಣನಿಗೂ ನಿಜ ಹೇಳಿದಳು. ಅವನು, ನನಗ ಮೊದಲ ಹೇಳಿದ್ರ ನಾನ ಹುಬ್ಬಳ್ಳಿಗೆ ಕರಕೊಂಡ ಹೊಕ್ಕಿದ್ದೆ ಎಂದಷ್ಟೇ ಅಂದು ಗೇರು ಹಾಕಿದ.

ಜುಲೈಯಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಒಂದು ಬೆಳಿಗ್ಗೆ ನೋವು ಹೊಸ ಜಾಗದಲ್ಲಿ ಎದ್ದಿತು. ಹೆಗಲೆಲುಬಿನ ಕೆಳಗೆ, ಬೆನ್ನಿನ ಕಡೆ. ದ್ರಾಕ್ಷಾಯಿಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಉಳಿದ ಮೂವರೂ ನಾಷ್ಟಾಕ್ಕೆ ಕೂತಿದ್ದರು. ಸುಮ್ಮನೆ ಚೀಲ ಹೆಗಲಿಗೇರಿಸಿ ಹೊರಟುಬಿಡಬಹುದಿತ್ತು. ಕಾಲು ಆ ಕಡೆಗೇ ಎಳೆಯುತ್ತಿತ್ತು. ಅವಳು ಒಂದು ಗಳಿಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಬೆನ್ನಾಗ ನೋವೈತಿ. ನಿನ್ನೆಯಿಂದ,” ಎಂದಳು.

ಮಾಲತೇಶನ ಕೈ ತಾಟಿನಲ್ಲೇ ನಿಂತಿತು. ಗುತ್ತೆವ್ವ ಎಲ್ಲಿ, ತೋರಿಸು ಎಂದಳು. ಐಶ್ವರ್ಯ ಗೋಡೆಯ ಕ್ಯಾಲೆಂಡರ್ ನೋಡಿ, “ಎರಡ ವಾರ ನೋಡೂಣು. ಅಷ್ಟರಾಗ ಹೋಗಲಿಲ್ಲಂದ್ರ ಹುಬ್ಬಳ್ಳಿ. ಹೆಚ್ಚಾದ್ರ ನಾಳೇನ,” ಎಂದು ಮತ್ತೆ ತಿನ್ನಲು ಶುರುಮಾಡಿದಳು. ಅಳು, ಗಾಬರಿ ಏನೂ ಆಗಲಿಲ್ಲ. ಗಂಡ ಡ್ಯೂಟಿಗೆ ಹೋಗಬೇಕೇ ಎಂದು ಕೇಳಿದ. ಮನೆಯಲ್ಲಿ ಕೂತರೆ ಇನ್ನೂ ಹೆಚ್ಚಾಗುತ್ತದೆ ಎಂದು ಅವಳು ಹೇಳಿದಳು. ಅದು ನಿಜವೇ ಎಂದು ಎಲ್ಲರಿಗೂ ಗೊತ್ತಿತ್ತು.

ಹೊರಗೆ ಮಳೆ ಹನಿಯುತ್ತಿತ್ತು. ಅವಳು ಛತ್ರಿ ಬಿಡಿಸಿ ಬೇಗ ಬೇಗ ಹೆಜ್ಜೆ ಹಾಕಿದಳು. ಬೆನ್ನಿನ ಆ ಜಾಗ ಪ್ರತಿ ಹೆಜ್ಜೆಗೂ ಮಿಡಿಯುತ್ತಿತ್ತು. ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಮಾಲತೇಶ ಕೈ ತೊಳೆಯದೆ ಬಾಗಿಲಿಗೆ ಬಂದು ನಿಂತಿದ್ದ. ಒಳಗೆ ಹೋಗು ಎಂದು ಕೈಸನ್ನೆ ಮಾಡಿ, ಅವಳು ನಿಲ್ದಾಣದ ರಸ್ತೆಗೆ ತಿರುಗಿದಳು.